ಹವಾಲ್ದಾರನ ಹೆಸರೂ ಬರೆದಿಡಿ, ಮಕ್ಕಳೇ

ಈ ಸಲ ಕೈಲ್ ಪೊಳ್ದಿಗೆ ಊರಿಗೆ ಬರುವಾಗ ಎರಡು ದಿನ ಹೆಚ್ಚಿಗೆ ರಜೆ ಹಾಕಿ ಬನ್ನಿ, ಮಕ್ಕಳೇ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದಿಟ್ಟು, ತೋಕ್ ಪೂ ಮುಡಿಸಿ, ಕಡಂಬುಟ್ಟು ಪಂದಿಕರಿ ಉಂಡು ಮಾರನೇ ಬೆಳಗ್ಗೆ ಬೆಂಗಳೂರಿನ ಬಸ್ಸು ಹತ್ತುವುದು ನಿಮಗೆ ರೂಢಿಯಾಗಿಬಿಟ್ಟಿದೆ. ಅದಕ್ಕೆ ನನ್ನ ತಕರಾರಿಲ್ಲ, ಕೆಲಸ ಅಲ್ಲಿದೆ, ಹೋಗಲೇಬೇಕು. ಆದರೆ ಈ ಬಾರಿ ಹಬ್ಬದ ಮಾರನೇ ದಿನ ಒಂದು ಕತ್ತಿ ಹಿಡಿದು ತೂಟಂಗಳದ ಕಡೆ ನಡೆಯಿರಿ. ಜೂನ್‌ನಿಂದ ಬಿದ್ದ ಮಳೆಗೆ ಅಲ್ಲಿ ಆಳೆತ್ತರ ಕಾಡು ಬೆಳೆದಿರುತ್ತದೆ. ಅದರೊಳಗೆ ನಿಮ್ಮ ಒಕ್ಕದ ಹಿರಿಯರಿದ್ದಾರೆ. ಹತ್ತು ಗೋರಿಗಳಲ್ಲಿ ಒಂದೆರಡಾದರೂ ಫೌಜಿನಿಂದ ಪೆನ್ಷನ್ ಬಂದವರದ್ದಾಗಿರುತ್ತದೆ. ಯಾವುದು ಯಾರದ್ದು ಎಂದು ನಿಮ್ಮಲ್ಲಿ ಎಷ್ಟು ಜನ ಹೇಳಬಲ್ಲಿರಿ?

ಈ ಮಾತು ಕೊಡವರ ಮನೆ ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ. ಅರೆಭಾಷೆ ಗೌಡರ ಮನೆಗಳಿಂದ, ಹೆಗ್ಗಡೆ, ಐರಿ, ಕೊಯವರ ಮನೆಗಳಿಂದ, ಮಾಪಿಳ್ಳೆಯರ, ಕ್ರೈಸ್ತರ, ದಲಿತರ ಮನೆಗಳಿಂದಲೂ ಫೌಜಿಗೆ ಹೋದವರಿದ್ದಾರೆ. ಮಸೀದಿಯ ಹಿಂದಿನ ಖಬರಸ್ಥಾನದಲ್ಲಿ, ಚರ್ಚಿನ ಸಿಮಿತ್ರಿಯಲ್ಲಿ ಮಲಗಿದವರೂ ಅದೇ ಬೂಟು ಹಾಕಿ ಅದೇ ಪರೇಡು ಮಾಡಿದವರು.

ನಾನೂ ಸಮವಸ್ತ್ರ ಹಾಕಿದವನೇ. ಆದರೆ ಪಲ್ಟಣದಲ್ಲಿ ಗುಮಾಸ್ತನಾಗಿದ್ದವನು, ಕೋವಿಗಿಂತ ಲೇಖನಿ ಹಿಡಿದದ್ದೇ ಹೆಚ್ಚು. ಅಲ್ಲಿ ಕಲಿತ ಪಾಠ ಒಂದೇ: ಕಾಗದದ ಮೇಲೆ ಇಲ್ಲದ ಸಿಪಾಯಿ ಇದ್ದೂ ಇಲ್ಲದವನು. ರಜೆ, ರೇಷನ್ನು, ಪೆನ್ಷನ್ನು, ಪದಕ, ಕೊನೆಗೆ ಸತ್ತ ಸುದ್ದಿ, ಎಲ್ಲಕ್ಕೂ ನಂಬರು ಬೇಕು, ಹೆಸರು ಸರಿಯಾಗಿ ಬರೆದಿರಬೇಕು. ಇನ್ನು ಮುಂದೆ ಹೇಳುವುದೆಲ್ಲ ಆ ಗುಮಾಸ್ತನ ಬುದ್ಧಿಯಿಂದ ಬಂದ ಮಾತು.

ಮಡಿಕೇರಿಗೆ ಬಂದವರಿಗೆ ನಮ್ಮ ದೊಡ್ಡವರು ರಸ್ತೆಯಲ್ಲೇ ಸಿಗುತ್ತಾರೆ. ಜನರಲ್ ತಿಮ್ಮಯ್ಯ ವೃತ್ತ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವೃತ್ತ, ಮೇಜರ್ ಮಂಗೇರಿರ ಮುತ್ತಣ್ಣ ವೃತ್ತ, ಹೀಗೆ ಬಸ್ಸಿನ ಕಂಡಕ್ಟರನ ಬಾಯಲ್ಲೂ ಅವರ ಹೆಸರೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಸಮಾಧಿ ಅವರ ಮನೆ ‘ರೋಷನಾರಾ’ದ ಅಂಗಳದಲ್ಲೇ ಇದೆ. 1837ರ ಅಕ್ಟೋಬರ್ 31ರಂದು ಬ್ರಿಟಿಷರು ಗಲ್ಲಿಗೇರಿಸಿದ ಗುಡ್ಡೆಮನೆ ಅಪ್ಪಯ್ಯ ಗೌಡರಿಗೂ ಪ್ರತಿಮೆಯಿದೆ. ಇದೆಲ್ಲ ಆಗಬೇಕಾದದ್ದೇ. ಆದರೆ ದೊಡ್ಡವರ ಹೆಸರೂ ತಾನಾಗಿ ಉಳಿದುಬಂದದ್ದಲ್ಲ, ಅದರ ಹಿಂದೆ ಯಾರೋ ಬೆನ್ನು ಬಿಡದೆ ದುಡಿದಿದ್ದಾರೆ.

ತಿಮ್ಮಯ್ಯನವರನ್ನೇ ನೋಡಿ. 1965ರ ಡಿಸೆಂಬರ್ 18ರಂದು ಅವರು ತೀರಿಕೊಂಡದ್ದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗ. ಮರು ವರ್ಷವೇ ಆ ಪುಟ್ಟ ದ್ವೀಪರಾಷ್ಟ್ರ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಇಲ್ಲಿ ನಮ್ಮ ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ ಬಹಳ ಕಾಲ ಆರ್‌ಟಿಓ ಕಚೇರಿಯಾಗಿತ್ತು. ಜನ ಅಲ್ಲಿಗೆ ಹೋಗುತ್ತಿದ್ದದ್ದು ಡ್ರೈವಿಂಗ್ ಲೈಸೆನ್ಸಿಗೆ. ಅದು ವಸ್ತುಸಂಗ್ರಹಾಲಯವಾಗಿ, ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದ್ದು 2021ರ ಫೆಬ್ರವರಿ 6ರಂದು. ಲೆಕ್ಕ ಹಾಕಿ, ಐವತ್ತೈದು ವರ್ಷ. ಭೂಸೇನೆಯ ಮುಖ್ಯಸ್ಥರಾಗಿದ್ದವರ ಮನೆಗೇ ಇಷ್ಟು ಕಾಯಬೇಕಾಯಿತು. ಕಾರ್ಯಪ್ಪ-ತಿಮ್ಮಯ್ಯ ಫೋರಂನಂಥವರು ಪಟ್ಟು ಹಿಡಿದು ಕೂತದ್ದರಿಂದ ಆಯಿತು. ನಿಮ್ಮ ಒಕ್ಕದ ಸುಬೇದಾರನಿಗೆ ಯಾವ ಫೋರಂ ಇದೆ? ನೀವೇ.

ದೇವಯ್ಯನವರ ಕತೆ ಇದಕ್ಕಿಂತ ಹೆಚ್ಚು ಕಲಿಸುತ್ತದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಆವತ್ತು ಹೊರಡಬೇಕಾದವರ ಪಟ್ಟಿಯಲ್ಲಿ ಇದ್ದದ್ದು ಬದಲಿ ಪೈಲಟ್ಟಾಗಿ. ಸಾಲಿನಲ್ಲಿ ಒಂದು ವಿಮಾನ ಕೈಕೊಟ್ಟಿದ್ದರಿಂದ ಅವರು ಸೇರಿಕೊಂಡರು. ಉಳಿದವರು ಹಿಂತಿರುಗಿದರು, ಅವರು ಬರಲಿಲ್ಲ. ಏನಾಯಿತೆಂದು ನೋಡಿದವರು ನಮ್ಮ ಕಡೆ ಯಾರೂ ಇರಲಿಲ್ಲ. ಕಾಣೆಯಾದವರು ಎಂದು ಬರೆದರು, ಆಮೇಲೆ ಮೃತರೆಂದು ತಿದ್ದಿದರು. ಕಡತ ಅಲ್ಲಿಗೆ ಮುಚ್ಚಿತು.

ಆ ಕಡತ ಮತ್ತೆ ತೆರೆದದ್ದು ಹೇಗೆ ಗೊತ್ತೇ? 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಆ ಯುದ್ಧದಲ್ಲಿ ಪಾಕಿಸ್ತಾನದ ವಾಯುಪಡೆ ಮಾಡಿದ್ದೇನು ಎಂದು ಪುಸ್ತಕ ಬರೆದ. ಅವರ ಸ್ಟಾರ್‌ಫೈಟರ್ ವಿಮಾನವೊಂದು ನಮ್ಮ ಮಿಸ್ಟೇರ್ ಜತೆ ಕಾದಾಡಿ ಬಿದ್ದದ್ದು, ಅದರ ಪೈಲಟ್ ಅಮ್ಜದ್ ಹುಸೇನ್ ಹಾರಿಕೊಂಡು ಬದುಕಿದ್ದು ಅದರಲ್ಲಿತ್ತು. ಸ್ಟಾರ್‌ಫೈಟರ್ ಎಂದರೆ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ, ಮಿಸ್ಟೇರ್ ಅದರ ಮುಂದೆ ಹಳೇ ಕಾಲದ್ದು. ಆವತ್ತು ತಿರುಗಿ ಬಾರದ ಮಿಸ್ಟೇರುಗಳ ಲೆಕ್ಕ ಕೂಡಿಸಿ ಕಳೆದು ನೋಡಿದಾಗ ಅದು ದೇವಯ್ಯನವರೇ ಎಂದು ನಮ್ಮ ವಾಯುಪಡೆಯವರಿಗೆ ಖಚಿತವಾಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷದ ಮೇಲೆ, ಅವರ ಪತ್ನಿಯ ಕೈಗೆ. ದೇಹವನ್ನು ಅಲ್ಲಿನ ಹಳ್ಳಿಯವರು ಹೊಲದಲ್ಲೇ ಮಣ್ಣು ಮಾಡಿದ್ದರೆಂದು ಆಮೇಲೆ ತಿಳಿದುಬಂತು. ಈಚೆಗೆ ನೀವೆಲ್ಲ ‘ಸ್ಕೈ ಫೋರ್ಸ್’ ಸಿನಿಮಾ ನೋಡಿದಿರಲ್ಲ, ಅದಕ್ಕೆ ಮೂಲ ಇದೇ ಘಟನೆ. ಸಿನಿಮಾದವರು ಹೆಸರನ್ನೂ ಊರನ್ನೂ ಬದಲಿಸಿಕೊಂಡರು, ಅದು ಅವರ ಕಸುಬು, ಬಿಡಿ.

ನಾನು ಹೇಳಬೇಕಾದದ್ದು ಇಷ್ಟು. ಎದುರಾಳಿಯ ಕಡೆಯ ಪುಸ್ತಕದಲ್ಲಿ ನಾಲ್ಕು ಸಾಲು ಬರದೇ ಹೋಗಿದ್ದರೆ ಅಷ್ಟು ದೊಡ್ಡ ಸಾಹಸ ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಸ್ಕ್ವಾಡ್ರನ್ ಲೀಡರ್ ಆಗಿದ್ದವರಿಗೇ ಹೀಗೆ. ನಾಗಾ ಗುಡ್ಡದಲ್ಲಿ ಲಾರಿ ಓಡಿಸಿದ ನಾಯಕನ ಬಗ್ಗೆ, ಲಡಾಖಿನಲ್ಲಿ ಬೆರಳು ಹಿಮಕ್ಕೆ ಕರಗಿದ ಸಿಪಾಯಿಯ ಬಗ್ಗೆ ಯಾವ ಇಂಗ್ಲಿಷಿನವನೂ ಬಂದು ಪುಸ್ತಕ ಬರೆಯುವುದಿಲ್ಲ.

ಇದು ನಮ್ಮೊಬ್ಬರ ಪಾಡೇ ಅಲ್ಲ. ಎರಡು ಮಹಾಯುದ್ಧಗಳಲ್ಲಿ ಸತ್ತವರ ಗೋರಿ ಕಾಯುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 2021ರಲ್ಲಿ ಒಂದು ವರದಿ ಹೊರತಂದು ತಪ್ಪೊಪ್ಪಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತೀಯರು, ಆಫ್ರಿಕದವರು ಮೊದಲಾದವರಲ್ಲಿ ಕಡಿಮೆಯೆಂದರೂ 1,16,000 ಜನರ ಹೆಸರು ಎಲ್ಲೂ ಕೆತ್ತಿಲ್ಲ, ಆ ಸಂಖ್ಯೆ 3,50,000ದವರೆಗೂ ಇರಬಹುದು ಎಂದಿತು. ಬಿಳಿಯ ಸೈನಿಕನಿಗೆ ಒಬ್ಬೊಬ್ಬನಿಗೂ ಒಂದೊಂದು ಕಲ್ಲು, ಉಳಿದವರಿಗೆ ಹೆಸರಿಲ್ಲದ ಒಟ್ಟು ಲೆಕ್ಕ. ಓದಿದಾಗ ಸಿಟ್ಟು ಬಂತು. ಆಮೇಲೆ ನಮ್ಮ ಊರಿನ ತೂಟಂಗಳಗಳ ಸ್ಥಿತಿ ನೆನೆದು ಸಿಟ್ಟು ಇಳಿಯಿತು. ಅವರು ಪರದೇಶದವರು, ನಾವು ಮನೆಯವರಾಗಿ ಮಾಡಿದ್ದಾದರೂ ಏನು?

ಸರಿ, ಏನು ಮಾಡಬೇಕು ಎಂದು ಕೇಳುತ್ತೀರಿ. ಮೊದಲು ಅಟ್ಟದ ಮೇಲಿನ ಕಪ್ಪು ಟ್ರಂಕು ಇಳಿಸಿ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರೇ ನಿಮ್ಮ ಮೊದಲ ದಾಖಲೆ. ಒಳಗೆ ಪದಕಗಳಿದ್ದರೆ ಮುಖವನ್ನಷ್ಟೇ ನೋಡಿ ಇಟ್ಟುಬಿಡಬೇಡಿ. ಒಂದನ್ನು ಕೈಗೆತ್ತಿಕೊಂಡು ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿ. ನಾಣ್ಯದ ಅಂಚಿನಷ್ಟೇ ದಪ್ಪದ ಆ ಜಾಗದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ: ನಂಬರು, ರ್‍ಯಾಂಕು, ಹೆಸರು, ಪಲ್ಟಣ. ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ. ಹುಣಸೆಹಣ್ಣು, ಬ್ರಾಸೋ ಹಾಕಿ ತಿಕ್ಕಬೇಡಿ. ಹಬ್ಬಕ್ಕೆ ಹೊಳೆಯಲಿ ಎಂದು ವರ್ಷವರ್ಷ ತಿಕ್ಕಿದ ಪದಕಗಳ ಅಂಚು ನುಣುಪಾಗಿ ಬೋಳಾಗಿ ಹೋದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಹೊಳಪು ಉಳಿಯುತ್ತದೆ, ಹೆಸರು ಹೋಗುತ್ತದೆ.

ಆಮೇಲೆ ಡಿಸ್ಚಾರ್ಜ್ ಪುಸ್ತಕ. ಭರ್ತಿಯಾದ ದಿನ, ಎತ್ತರ, ಎದೆಯಳತೆ, ಗುರುತಿನ ಮಚ್ಚೆ, ಊರು, ನಾಡು, ಮನೆಯವರ ಹೆಸರು, ಸೇವೆ ಮಾಡಿದ ಜಾಗ, ಎಲ್ಲ ಅದರಲ್ಲಿರುತ್ತದೆ. ಪುಟಪುಟವೂ ಫೋಟೋ ತೆಗೆದು ನಾಲ್ಕು ಕಡೆ ಇಡಿ. ಆಗಸ್ಟ್ 2018ರಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಬೆಟ್ಟ ಜಾರಿ ಮನೆಗೆ ಮನೆಯೇ ಹೋದಾಗ ಟ್ರಂಕು ಉಳಿದೀತೇ? ಪುಸ್ತಕವೇ ಕಳೆದಿದ್ದರೂ ನಂಬರು, ಪಲ್ಟಣ ಗೊತ್ತಿದ್ದರೆ ದಾರಿಯಿದೆ. ತೋಪಖಾನೆಯವರ ದಾಖಲೆ ನಾಸಿಕ್ ರೋಡಿನಲ್ಲಿ, ಮದ್ರಾಸ್ ರೆಜಿಮೆಂಟಿನದು ವೆಲಿಂಗ್ಟನ್ನಿನಲ್ಲಿ, ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರಿನಲ್ಲಿ, ಸಿಗ್ನಲ್ಸಿನದು ಜಬಲ್‌ಪುರದಲ್ಲಿ, ಇಎಂಇಯವರದು ಸಿಕಂದರಾಬಾದಿನಲ್ಲಿ. ಬರೆಯುವ ಮೊದಲು ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯವರನ್ನು ಕೇಳಿ, ಅರ್ಜಿಯ ನಮೂನೆ ಅವರೇ ಹೇಳುತ್ತಾರೆ. ಅಜ್ಜ ಮಹಾಯುದ್ಧದಲ್ಲಿ ತೀರಿಕೊಂಡವರಾದರೆ ಆ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ಇಂಟರ್‌ನೆಟ್ಟಿನಲ್ಲೇ ಇದೆ. ಕೊಡಗು ಎಂದು ಹುಡುಕಿದರೆ ಸಿಗುವುದಿಲ್ಲ, ಕೂರ್ಗ್, ಮರ್ಕಾರ ಎಂದು ಹುಡುಕಿ. ಮನೆಹೆಸರನ್ನು ಆಗಿನ ಇಂಗ್ಲಿಷ್ ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದಿದ್ದಾರೆ, ನಾಲ್ಕಾರು ರೀತಿ ಕಾಗುಣಿತ ಹಾಕಿ ನೋಡಬೇಕು. 1942ರಲ್ಲಿ ಎದ್ದು ಆಮೇಲೆ ತೋಪಖಾನೆಗೆ ಸೇರಿ 37ನೇ ಕೂರ್ಗ್ ಆಂಟಿ ಟ್ಯಾಂಕ್ ರೆಜಿಮೆಂಟ್ ಆದ ಕೂರ್ಗ್ ಬೆಟಾಲಿಯನ್ನಿನಲ್ಲಿ ನಿಮ್ಮ ಮುತ್ತಜ್ಜಂದಿರು ಇದ್ದರೇ ಎಂದು ಮನೆಯಲ್ಲಿ ಒಮ್ಮೆ ವಿಚಾರಿಸಿ.

ಈಗ ತೂಟಂಗಳದ ಕೆಲಸ. ಕಾಡು ಕಡಿಯುವ ಮಿಷಿನ್ನನ್ನು ಗೋರಿಯ ಹತ್ತಿರಕ್ಕೆ ತರಬೇಡಿ, ಅದರ ತಂತಿ ಗಾರೆಯನ್ನೂ ಅಕ್ಷರವನ್ನೂ ಕಿತ್ತುಹಾಕುತ್ತದೆ. ಕಲ್ಲಿನ ಸುತ್ತ ಒಂದು ಮೊಳ ಕೈಯಲ್ಲೇ ಕೀಳಿ. ಪಾಚಿಗೆ ನೀರು, ತೆಂಗಿನ ನಾರಿನ ಬ್ರಷ್ಷು, ತಾಳ್ಮೆ ಸಾಕು. ಆಸಿಡ್ಡು, ಬ್ಲೀಚಿಂಗ್ ಪೌಡರು, ತಂತಿ ಬ್ರಷ್ಷು ಹತ್ತಿರ ಸುಳಿಯಬಾರದು. ಅಕ್ಷರ ಕಾಣದಿದ್ದರೆ ಬೆಳಗ್ಗೆ ಏಳು ಗಂಟೆಯ ಓರೆ ಬಿಸಿಲಿಗೆ ಹೋಗಿ ನೋಡಿ, ಮಧ್ಯಾಹ್ನ ಕಾಣದ ಸಾಲು ಆಗ ಎದ್ದು ನಿಲ್ಲುತ್ತದೆ. ತೆಳು ಕಾಗದ ಇಟ್ಟು ಇದ್ದಿಲಿನಿಂದ ಉಜ್ಜಿದರೂ ಮೂಡುತ್ತದೆ. ಊಹೆಯ ಮೇಲೆ ಕಪ್ಪು ಎನಾಮಲ್ ಬಳಿದು ತಿದ್ದಬೇಡಿ. ಒಮ್ಮೆ ‘ನಾಯಕ್’ ಎನ್ನುವುದನ್ನು ‘ನಾಯಕ’ ಎಂದು ತಿದ್ದಿದರೆ ಮುಂದಿನವರು ಅವನನ್ನು ರಾಜಕಾರಣಿ ಅಂದುಕೊಂಡಾರು.

ಹಾಗೇ ಇನ್ನೊಂದು ಕಾಗದ ನೋಡಬೇಕು, ಜಾಗದ್ದು. ನಿಮ್ಮ ತೂಟಂಗಳ ಪಹಣಿಯಲ್ಲಿ ಏನೆಂದು ದಾಖಲಾಗಿದೆ? ಜಮ್ಮಾ ಬಾಣೆಯ ಒಳಗಿದೆಯೇ, ಪೈಸಾರಿ ಎಂದಿದೆಯೇ, ಅಥವಾ ಯಾರದೋ ಕಾಫಿ ತೋಟದ ಸರ್ವೆ ನಂಬರಿನಲ್ಲಿ ಸೇರಿಹೋಗಿದೆಯೇ? ತೋಟ ಮಾರುವಾಗ ಎಕರೆಗೆ ಎಷ್ಟು ಎಂದು ಮಾತ್ರ ಕೇಳುತ್ತೀರಿ. ಬೇಲಿಯೊಳಗೆ ಮುತ್ತಜ್ಜನಿದ್ದಾನೆ ಎಂಬುದು ಕ್ರಯಪತ್ರದಲ್ಲಿ ಬರುವುದಿಲ್ಲ. ಮಾರಲೇಬೇಕಾದ ಸಂದರ್ಭ ಬಂದರೆ ಆ ಐದಾರು ಸೆಂಟನ್ನೂ ಅಲ್ಲಿಗೆ ಹೋಗುವ ಕಾಲುದಾರಿಯನ್ನೂ ಪತ್ರದಲ್ಲಿ ಬಿಟ್ಟುಕೊಂಡು ಮಾರಿ. ರೆಸಾರ್ಟಿನ ಕಾವಲುಗಾರನ ಅಪ್ಪಣೆ ಕೇಳಿ ಕಾರಣವರಿಗೆ ದೀಪ ಇಡುವ ಗತಿ ಬರಬಾರದು.

ನಮ್ಮ ಗೋರಿಗೆ ಇಷ್ಟೆಲ್ಲ ಮಾಡುವಾಗ ನಮ್ಮ ತೋಟದ ಲೈನ್ ಮನೆಯಲ್ಲಿ ಮೂರು ತಲೆಮಾರು ದುಡಿದವರು ಸತ್ತರೆ ಎಲ್ಲಿಗೆ ಒಯ್ಯುತ್ತಾರೆ ಎಂದೂ ಯೋಚಿಸಿ. ಎಷ್ಟೋ ಹಾಡಿಗಳಿಗೆ, ಕಾಲೊನಿಗಳಿಗೆ ಇವತ್ತಿಗೂ ಮಸಣಕ್ಕೆ ಜಾಗವಿಲ್ಲ, ಹೊಳೆದಂಡೆಯಲ್ಲಿ ಹೂಳುತ್ತಾರೆ. ಪಂಚಾಯಿತಿಯಲ್ಲಿ ಈ ಅರ್ಜಿ ಬಂದಾಗ ತಡೆಯುವ ಕೈ ನಮ್ಮದಾಗಬಾರದು. ಸ್ವಂತ ಹಿರಿಯರಿಗೆ ಕಲ್ಲು ನಿಲ್ಲಿಸಿ ಪಕ್ಕದವನ ಹೆಣಕ್ಕೆ ಆರಡಿ ಕೊಡದಿದ್ದರೆ ಆ ಕಲ್ಲಿಗೆ ಯಾವ ಮರ್ಯಾದೆಯೂ ಇಲ್ಲ.

ಮಡಿಕೇರಿಯ ಗದ್ದಿಗೆಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗುತ್ತೀರಲ್ಲ. ದೊಡ್ಡ ವೀರರಾಜೇಂದ್ರ, ಲಿಂಗರಾಜೇಂದ್ರರ ಗುಮ್ಮಟಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂದುಬಿಡುತ್ತೀರಿ. ಮುಂದಿನ ಸಲ ಅದೇ ಆವರಣದಲ್ಲಿ ಬಿದ್ದಂಡ ಬೋಪು, ಅವರ ಮಗ ಬಿದ್ದಂಡ ಸೋಮಯ್ಯ ಇಬ್ಬರ ಸಮಾಧಿಯನ್ನೂ ಹುಡುಕಿ ನೋಡಿ. ಟಿಪ್ಪುವಿನ ಸೈನ್ಯದ ವಿರುದ್ಧ ಕಾದಾಡಿ ಸತ್ತ ಸೇನಾನಿ ಬೋಪು. ಅರಸರು ತಾವು ಮಲಗುವ ಜಾಗದಲ್ಲೇ ಸೇನಾನಿಗೂ ಜಾಗ ಕೊಟ್ಟಿದ್ದಾರೆ. ನನಗೆ ಗದ್ದಿಗೆಯಲ್ಲಿ ಗುಮ್ಮಟಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಇದೇ.

ನಿಮ್ಮೂರಲ್ಲೂ ಒಂದು ಸ್ಮಾರಕ ಆಗಲಿ, ಖಂಡಿತ. ಶಾಲೆಯ ಮುಂದೆಯೋ ಮಂದ್‌ಗೆ ಹೋಗುವ ದಾರಿಯಲ್ಲೋ ಒಂದು ಕಲ್ಲು ಸಾಕು, ಫಿರಂಗಿ, ಗರುಡ, ಫೈಬರಿನ ಸೈನಿಕ ಬೇಡ. ಉದ್ಘಾಟಿಸಿದವರ, ಅಧ್ಯಕ್ಷತೆ ವಹಿಸಿದವರ, ಗೌರವ ಉಪಸ್ಥಿತರ ಹೆಸರುಗಳು ಸೈನಿಕನ ಹೆಸರಿಗಿಂತ ದಪ್ಪ ಅಕ್ಷರದಲ್ಲಿರುವ ಫಲಕಗಳನ್ನು ನೋಡಿ ನೋಡಿ ಸಾಕಾಗಿದೆ. ಊರಿನಿಂದ ಹೋದ ಎಲ್ಲರ ಹೆಸರನ್ನೂ ಅಕಾರಾದಿಯಲ್ಲಿ ಹಾಕಿ, ಕರ್ನಲ್ ಮೇಲೆ ಸಿಪಾಯಿ ಕೆಳಗೆ ಎಂದಾಗದಂತೆ. ಜಾತಿ ನೋಡಬೇಡಿ. ಮಿಲಿಟರಿ ನರ್ಸಿಂಗ್ ಸರ್ವಿಸಿನಲ್ಲಿ ದುಡಿದ ಹೆಣ್ಣುಮಕ್ಕಳನ್ನು ಮರೆಯಬೇಡಿ. ಗಂಡ ಗಡಿಯಲ್ಲಿದ್ದಾಗ ತೋಟ, ಗದ್ದೆ, ಕೋರ್ಟು ಕಚೇರಿ, ಅತ್ತೆ ಮಾವ, ನಾಲ್ಕು ಮಕ್ಕಳನ್ನು ನೋಡಿಕೊಂಡವಳ ಹೆಸರು ಅವನ ಗೋರಿಯ ಮೇಲೆ ‘ಪತ್ನಿ’ ಎಂದು ಮಾತ್ರ ಇದ್ದರೆ ಪೂರ್ತಿ ಹೆಸರು ಸೇರಿಸಿ.

ಸುಳ್ಳು ಸೇರಿಸಬೇಡಿ, ಇದು ಬಹಳ ಮುಖ್ಯ. ಫೌಜಿಗೆ ಹೋದವರೆಲ್ಲ ಹುತಾತ್ಮರಲ್ಲ. ಕಾದಾಟದಲ್ಲಿ ಸತ್ತವರು ಬೇರೆ, ಸೇವೆಯಲ್ಲಿರುವಾಗ ಕಾಮಾಲೆಯಿಂದಲೋ ಜೀಪು ಮಗುಚಿಯೋ ತೀರಿಕೊಂಡವರು ಬೇರೆ, ಪೆನ್ಷನ್ ಬಂದು ಮೂವತ್ತು ವರ್ಷ ಕಾಫಿ ಒಣಗಿಸಿ ಮನೆಯ ಜಗಲಿಯಲ್ಲಿ ಕಣ್ಣು ಮುಚ್ಚಿದವರು ಬೇರೆ. ಅಡುಗೆಯವನಾಗಿದ್ದರೆ ಅಡುಗೆಯವನು ಎಂದೇ ಬರೆಯಿರಿ. ಅಡುಗೆಯವನಿಲ್ಲದೆ ಯಾವ ಪಲ್ಟಣವೂ ಒಂದು ವಾರ ನಿಂತದ್ದಿಲ್ಲ, ನಾನು ಲೆಕ್ಕ ಬರೆದವನು, ನನಗೆ ಗೊತ್ತು. ಒಬ್ಬನೇ ನೂರು ಜನರನ್ನು ಕೊಂದ ಎಂಬ ಕತೆ ಕಟ್ಟಿದರೆ ನಿಜವಾಗಿ ಅವನು ಮಾಡಿದ್ದನ್ನೂ ಯಾರೂ ನಂಬುವುದಿಲ್ಲ. ಕುಡಿತಕ್ಕೆ ಬಿದ್ದವರು, ಮನೆಯವರನ್ನು ಗೋಳು ಹೊಯ್ದುಕೊಂಡವರು ಇದ್ದಾರೆ. ಅದನ್ನು ಕಲ್ಲಿನಲ್ಲಿ ಕೆತ್ತಬೇಕಿಲ್ಲ, ಹಾಗೆಂದು ದೇವರನ್ನಾಗಿಯೂ ಮಾಡಬೇಡಿ. ಕಾರಣಂಗ್ ಕೊಡ್ಪ ದಿನ ಎಡೆಯಲ್ಲಿ ಮಾಂಸದ ಜತೆ ಒಂದು ಗುಟುಕು ಇಡುತ್ತೇವಲ್ಲ, ಅವರು ಮನುಷ್ಯರಾಗಿದ್ದರು ಎಂದು ನಮ್ಮ ಪದ್ಧತಿಯೇ ಒಪ್ಪಿಕೊಂಡಿದೆ.

ಕೋವಿಯ ವಿಷಯ ಹೇಳದೆ ಹೋದರೆ ಮನಸ್ಸು ಕೇಳುವುದಿಲ್ಲ. ಸಾವಿನ ಮನೆಯಲ್ಲಿ ಜೋಡಿ ಗುಂಡು ಹಾರಿಸುವುದು ಊರಿಗೆ ಸುದ್ದಿ ಮುಟ್ಟಿಸಲು. ಅದನ್ನು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಿದ್ದರು. ಈಗ ಗುಂಡು ಹೊಡೆಯುವವನ ಸುತ್ತ ಮೂರು ಮೊಬೈಲು, ಸಂಜೆಗೆ ರೀಲ್ಸು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ನಮಗೆ ಬ್ರಿಟಿಷರ ಕಾಲದಿಂದ ಬಂದದ್ದು, ಕೇಂದ್ರ ಸರ್ಕಾರ ಅದನ್ನು ಸದ್ಯಕ್ಕೆ 2029ರವರೆಗೆ ವಿಸ್ತರಿಸಿದೆ. ನ್ಯಾಯಾಲಯಕ್ಕೂ ಹೋಗಿ ಉಳಿದು ಬಂದಿದೆ. ಹೆಣದ ಮುಂದೆ ಪೋಸು ಕೊಟ್ಟು ಅದನ್ನು ಕಳೆದುಕೊಳ್ಳಬೇಡಿ.

ನಿಮಗೆಲ್ಲ ಸೇನೆ ಸೇರಿ ಎಂದು ನಾನು ಹೇಳುತ್ತಿಲ್ಲ. ಸೇರುವ ಮನಸ್ಸಿದ್ದವರಿಗೆ ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆಯಿದೆ, ದಾರಿ ಇದೆ. ಸಾಫ್ಟ್‌ವೇರಿನಲ್ಲಿ ದುಡಿಯುವವರು, ಹೋಂಸ್ಟೇ ನಡೆಸುವವರು ಅವರಿಗಿಂತ ಕಡಿಮೆಯೇನಲ್ಲ. ಹೆಸರು ಬರೆದಿಡಲು ಸಮವಸ್ತ್ರ ಬೇಕಿಲ್ಲ, ನಿಮ್ಮ ಕಂಪ್ಯೂಟರಿನ ವಿದ್ಯೆ ನಮ್ಮ ಕಾಲದ ಗುಮಾಸ್ತರಿಗೆ ಕನಸಿನಲ್ಲೂ ಇರಲಿಲ್ಲ.

ಕೊನೆಯದಾಗಿ, ಕಲ್ಲಿಗಿಂತ ಮೊದಲು ಜನ. 1962ರಲ್ಲಿ ಇಪ್ಪತ್ತರ ಹುಡುಗನಾಗಿ ಚೀನಾ ಗಡಿಯಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. 1971ರವರಿಗೆ ಎಪ್ಪತ್ತರ ಮೇಲೆ. ಪ್ರತಿ ಊರಿನಲ್ಲೂ ಅಂಥವರು ಒಬ್ಬಿಬ್ಬರು ಉಳಿದಿದ್ದಾರೆ, ಕಿವಿ ಮಂದ, ನೆನಪು ಇನ್ನೂ ಗಟ್ಟಿ. ತಮ್ಮ ಜತೆ ಹೋಗಿ ಹಿಂತಿರುಗದವರ ಹೆಸರು, ಊರು ಅವರಿಗೆ ಬಾಯಿಪಾಠ. ಯುದ್ಧದ ಕತೆ ಹೇಳಿ ಎಂದು ಶುರುಮಾಡಬೇಡಿ, ಹೇಳುವುದಿಲ್ಲ. ಯಾವ ಸ್ಟೇಷನ್ನಿನಲ್ಲಿ ರೈಲು ಹತ್ತಿದಿರಿ, ಮೊದಲ ಸಂಬಳ ಎಷ್ಟು, ಪಕ್ಕದ ಹಾಸಿಗೆಯವನು ಯಾವ ಊರಿನವನು ಎಂದು ಕೇಳಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಸುಮ್ಮನೆ ಕೂತುಕೊಳ್ಳಿ. ಸ್ಮಾರಕದ ಕಲ್ಲನ್ನು ಬೇಕಾದರೆ ಮುಂದಿನ ವರ್ಷ ನಿಲ್ಲಿಸಿ. ಇವರ ಮನೆಗೆ ಈ ವಾರವೇ ಹೋಗಿ.